ಅಂಚು ಹಚ್ಚುವ ಕೈ

ಅಕ್ಟೋಬರ್ 8, ಬುಧವಾರ

ಈ ಪುಸ್ತಕ ಯಾರ ಕೈಗೆ ಸಿಕ್ಕರೂ ನನಗೆ ಭಯವಿಲ್ಲ. ದಿಂಡಿಗಲ್ಲಿನಲ್ಲಿ ಕನ್ನಡ ಓದುವವರನ್ನು ದೀಪ ಹಿಡಿದು ಹುಡುಕಬೇಕು. ನಮ್ಮೂರು ಕೊಂಬೈಯ ಮನೆಯಲ್ಲಿ ಎಲ್ಲರಿಗೂ ಕನ್ನಡದ ಮಾತು ಬರುತ್ತದೆ, ಅಕ್ಷರ ಬರುವುದು ನನಗೊಬ್ಬಳಿಗೇ. ಅಪ್ಪ ದ್ರಾಕ್ಷಿ ವ್ಯಾಪಾರಕ್ಕೆಂದು ಮೈಸೂರಿನಲ್ಲಿದ್ದಷ್ಟು ಕಾಲ ನನ್ನನ್ನು ಅಲ್ಲಿನ ಶಾಲೆಗೆ ಹಾಕಿದ್ದ. ಅದರಿಂದ ಆದ ಲಾಭ ಇದೊಂದೇ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ದಿಂಬಿನ ಮೇಲೇ ಬಿಟ್ಟು ಹೋಗಬಹುದು. ಅಕ್ಷರವಂತೂ ಕೋಳಿ ಕೆದರಿದ ಹಾಗಿದೆ. ಮೇಷ್ಟ್ರು ಆಗಲೇ ಕೈಮುಗಿದಿದ್ದರು.

ಇವತ್ತು ನನ್ನ ಕೆಲಸ ಬದಲಾಯಿತು. ಚಪ್ಪಲಿ ಕಂಪನಿಗೆ ಸೇರಿದಾಗಿನಿಂದ ಮಾಸ್ಕ್ ತೊಳೆಯುತ್ತಿದ್ದೆ. ಅಟ್ಟೆಗೆ ಬಣ್ಣ ಸಿಂಪಡಿಸುವಾಗ ಅದರ ಮೇಲೆ ತೆಳ್ಳನೆಯ ತಾಮ್ರದ ಮುಚ್ಚಳ ಕೂರಿಸುತ್ತಾರೆ, ಬಣ್ಣ ಬೀಳಬೇಕಾದ ಕಡೆ ಮಾತ್ರ ಸಂದು ಇರುತ್ತದೆ. ಆ ಸಂದಿನಲ್ಲಿ ಬಣ್ಣ ಕಟ್ಟಿಕೊಂಡರೆ ಮುಂದಿನ ಅಟ್ಟೆಯ ಗೆರೆ ಕೆಡುತ್ತದೆ. ಆದ್ದರಿಂದ ಥಿನ್ನರಿನಲ್ಲಿ ಅದ್ದು, ಉಜ್ಜು, ಒರೆಸು, ಮತ್ತೆ ಅದ್ದು. ಬುದ್ಧಿ ಬೇಡದ ಕೆಲಸ, ಮೂಗು ಮಾತ್ರ ಇರಬಾರದು.

ಸೂಪರ್‌ವೈಸರ್ ಶಿವಬಾಲನ್ ಬಂದು, "ಆಂಡಾಳಕ್ಕಾ, ನಾಳೆಯಿಂದ ಅಂಚಿನ ಮೇಜಿಗೆ ಬಾ" ಅಂದ. (ಎಲ್ಲರ ತಮಿಳನ್ನೂ ನಾನು ಇಲ್ಲಿ ನಮ್ಮ ಮಾತಿನಲ್ಲೇ ಬರೆದುಕೊಳ್ಳುತ್ತೇನೆ.) ಆ ಮೇಜಿನಲ್ಲಿ ಪಾಂಡಿಯಮ್ಮಾಳ್ ಎಂಬ ಮುದುಕಿ ಕೂರುತ್ತಿದ್ದಳು. ಹೋದ ವಾರ ಕೂತಲ್ಲೇ ಕುಸಿದಳು. ಮದುರೈಗೆ ಕರೆದೊಯ್ದರು, ದಾರಿಯಲ್ಲೇ ಹೋಗಿಬಿಟ್ಟಳಂತೆ, ಸತ್ತಳಂತೆ. ಮೆಷೀನುಗಳನ್ನು ನಿಲ್ಲಿಸಿ ಎಲ್ಲರೂ ತಲೆ ತಗ್ಗಿಸಿ ನಿಂತೆವು. ನಾನು ಅವಳೊಡನೆ ಮಾತಾಡಿದವಳಲ್ಲ. ಅವಳ ಬೆನ್ನು ಗೊತ್ತು, ಬಿಳಿಯ ಗಂಟು ಗೊತ್ತು, ಎಡಗೈಯಲ್ಲಿ ಕೆಲಸ ಮಾಡುತ್ತಿದ್ದದ್ದು ಗೊತ್ತು.

ಅಂಚಿನ ಮೇಜಿನವರಿಗೆ ಕಂಪನಿಯ ಹಿಂದಿನ ಸಾಲಿನಲ್ಲಿ ಒಂದು ಮನೆ ಸಿಗುತ್ತದೆ. ಅದಕ್ಕೇ ನಾನು ಬಾಯಿ ಬಿಡುತ್ತಿರುವುದು. ನನ್ನ ಮಗಳು ಯುವಶ್ರೀ ಒಂಬತ್ತನೆಯಲ್ಲಿ ಓದುತ್ತಿದ್ದಾಳೆ, ಕೊಂಬೈಯಲ್ಲಿ ಅವ್ವನ ಹತ್ತಿರ ಇದ್ದಾಳೆ. ಅವಳಪ್ಪ ಏಲಕ್ಕಿ ತೋಟದ ಕೆಲಸಕ್ಕೆಂದು ಬೆಟ್ಟ ಹತ್ತಿದವನು ಅಲ್ಲೇ ಬೇರೆ ಸಂಸಾರ ಹೂಡಿದ. ಮನೆಯ ಯಜಮಾನ ಈಗ ನನ್ನ ತಮ್ಮ ವಿಘ್ನೇಶ್ವರನ್. ಈ ವರ್ಷದ ಪರೀಕ್ಷೆ ಮುಗಿದದ್ದೇ ಅವಳನ್ನು ಓದು ಬಿಡಿಸಿ ನೂಲಿನ ಮಿಲ್ಲಿನ ಕೆಲಸಕ್ಕೆ, ಹಾಸ್ಟೆಲಿಗೆ ಸೇರಿಸುತ್ತೇನೆ ಎಂದು ಹೇಳಿಬಿಟ್ಟಿದ್ದಾನೆ. ಪೊಂಗಲ್ ಹಬ್ಬದೊಳಗೆ ನನಗೆ ಕೆಲಸ ಖಾಯಂ ಆದರೆ ಮನೆ, ಮನೆ ಸಿಕ್ಕರೆ ಮಗಳು.

ಅಕ್ಟೋಬರ್ 10, ಶುಕ್ರವಾರ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ರೋಲರ್ ಡೊಂಕು ಅನ್ನುತ್ತೇನೆ, ಅದು ನಿಜವಾಗಿಯೂ ಡೊಂಕೇ.

ರೋಲರ್ ಅಂದರೆ ಪೆನ್ನಿನ ಹಾಗಿರುವ ಹಿತ್ತಾಳೆಯ ಸಾಮಾನು. ಹಿಡಿಯೊಳಗೆ ಬಣ್ಣ, ತುದಿಯಲ್ಲಿ ಕಡಲೆಕಾಳಿನಷ್ಟು ಚಕ್ರ. ಕತ್ತರಿಸಿದ ಚರ್ಮದ ಪಟ್ಟಿಯ ಅಂಚಿನ ಮೇಲೆ ಚಕ್ರ ಓಡಬೇಕು. ಅಂಚು ಕಪ್ಪಾಗಬೇಕು, ಪಟ್ಟಿಯ ಮುಖಕ್ಕೆ ಒಂದು ಚುಕ್ಕೆಯೂ ತಾಗಬಾರದು. ನೋಡಿದರೆ ಮಕ್ಕಳಾಟ. ಹಿಡಿದರೆ ಚಕ್ರ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲುತ್ತದೆ. ಪಾಂಡಿಯಮ್ಮಾಳ್ ಎಡಗೈಯಲ್ಲಿ ಓಡಿಸಿ ಓಡಿಸಿ ಅದನ್ನು ಒಂದೇ ಕಡೆ ಸವೆಸಿದ್ದಾಳೆ. ಬೇರೆ ರೋಲರ್ ಕೇಳಿದೆ. "ಇರೋದು ಇದೊಂದೇ, ಹೊಸದು ಚೆನ್ನೈಯಿಂದ ಬರಬೇಕು" ಅಂದ ಶಿವಬಾಲನ್.

ಸಂಜೆ ನನ್ನ ರಿಜೆಕ್ಟ್ ಡಬ್ಬಿ ತುಂಬಿ ತುಳುಕುತ್ತಿತ್ತು. ಶಿವಬಾಲನ್ ಒಂದು ಪಟ್ಟಿ ಎತ್ತಿ ಹಿಡಿದು, "ಅಕ್ಕಾ, ಇದಕ್ಕೆ ಕಾಡಿಗೆ ಹಚ್ಚಿದ್ದಾ, ಇಲ್ಲ ಅದು ಅತ್ತಿದ್ದಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ರೂಮಿಗೆ ಬಂದು ಅತ್ತೆ. ನನ್ನ ಜೊತೆ ರೂಮಿನಲ್ಲಿರುವ ಕಾರ್ತಿಕಾ ಅಂಟಿನ ಮೇಜಿನವಳು, ವಯಸ್ಸಿನಲ್ಲಿ ಚಿಕ್ಕವಳು. ಒಂದು ಲೋಟ ಕಾಫಿ ತಂದಿಟ್ಟು ಪಕ್ಕದಲ್ಲೇ ಕೂತಳು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಮೊಣಕೈವರೆಗೆ ಕಪ್ಪಾಗಿದೆ, ಮೊಸರು ಎಲ್ಲಿದೆಯೋ ಕಾಣೆ.

ಅಕ್ಟೋಬರ್ 13, ಸೋಮವಾರ

ಇವತ್ತು ಮಧ್ಯಾಹ್ನ ನಮ್ಮ ಮನೆಯ ಕ್ರಮ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೊಂಬೈಯವಳಿಗೆ ಥಿನ್ನರ್ ತಲೆಗೇರಿತು ಅಂದುಕೊಂಡಾರು.

ಸತ್ತವರ ಹತ್ಯಾರನ್ನು ನಮ್ಮಲ್ಲಿ ಹಾಗೇ ಎತ್ತಿಕೊಳ್ಳುವುದಿಲ್ಲ. ಅದರಲ್ಲಿ ಇನ್ನೂ ಅವರ ಕೈ ಇರುತ್ತದೆ ಅನ್ನುವುದು ಲೆಕ್ಕ. ಹಿಡಿಗೆ ಅರಿಶಿನ ಹಚ್ಚಿ, ತುದಿಯನ್ನು ಮಣ್ಣಿಗೆ ಊರಿ, ಹೆಸರು ಹಿಡಿದು ಕರೆದು, "ಕೈ ನನಗೆ ಕೊಟ್ಟು ನೀನು ದಾರಿ ಹಿಡಿ" ಎಂದು ಕೇಳಬೇಕು. ಆಮೇಲೆ ಸತ್ತವರ ಕಡೆಯವರು ಅದನ್ನು ಎತ್ತಿ ನಮ್ಮ ಕೈಯಲ್ಲಿಡಬೇಕು. ಅಪ್ಪ ಹೋದಾಗ ಅವನ ಗುದ್ದಲಿಯನ್ನು ತಮ್ಮ ಹೀಗೇ ಕೇಳಿ ಪಡೆದ. ಅದಕ್ಕೆ ಮೊದಲು ಒಂದು ಬದು ನೆಟ್ಟಗೆ ಹಾಕಲು ಬಾರದವನು ಆ ವರ್ಷ ಅಪ್ಪನ ಹಾಗೆಯೇ ನೀರು ಕಟ್ಟಿದ.

ಊಟದ ಹೊತ್ತಿನಲ್ಲಿ ಕಂಪನಿಯ ಹಿಂದಿನ ಬೇವಿನ ಮರದಡಿ ಹೋದೆ. ಸಾರಿಗೆಂದು ತಂದಿದ್ದ ಅರಿಶಿನದ ಪುಡಿಯನ್ನೇ ಹಿಡಿಗೆ ಹಚ್ಚಿದೆ. ಚಕ್ರವನ್ನು ಮಣ್ಣಿಗೆ ಊರಿ ಪಾಂಡಿಯಮ್ಮಾಳನ್ನು ಹೆಸರಿಟ್ಟು ಕರೆದು ಕೇಳಿದೆ. ಅವಳ ಕಡೆಯವರನ್ನು ನಾನೆಲ್ಲಿ ಹುಡುಕಲಿ? ನಾನೇ ಎತ್ತಿಕೊಂಡೆ. ದೇವರು ಅಷ್ಟು ಸಣ್ಣ ತಪ್ಪನ್ನು ಲೆಕ್ಕಕ್ಕೆ ಹಿಡಿಯಲಾರ.

ಹಿತ್ತಾಳೆ ಬಿಸಿಲಿಗೆ ಕಾದಿತ್ತು. ಅದು ಬಿಸಿಲಿನದೇ ಕಾವು, ಬೇರೇನಲ್ಲ.

ಅಕ್ಟೋಬರ್ 14, ಮಂಗಳವಾರ

ಎಡಗೈಯಲ್ಲಿ ಹಿಡಿದು ನೋಡಿದೆ. ಚಕ್ರ ಎಡಕ್ಕೆ ಸವೆದಿದ್ದರೆ ಎಡಗೈಯಲ್ಲೇ ಹಿಡಿದರಾಯಿತು, ಇಷ್ಟು ಸುಲಭದ ಬುದ್ಧಿ ಮೊದಲೇ ಬರಬಾರದಿತ್ತೇ? ಎಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಡಬ್ಬಿಯಲ್ಲಿ ಒಂದೂ ರಿಜೆಕ್ಟ್ ಇಲ್ಲ.

ಶಿವಬಾಲನ್ ಪಟ್ಟಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ತಮಾಷೆ ಮಾಡಲು ಏನೂ ಸಿಗದೆ ಪಾಪ, ಮುಂದಿನ ಮೇಜಿಗೆ ಹೋದ.

ಅಕ್ಟೋಬರ್ 29, ಬುಧವಾರ

ದೀಪಾವಳಿಗೆ ಊರಿಗೆ ಹೋಗಲಿಲ್ಲ. ಹಬ್ಬದ ಮರುದಿನವೇ ದೊಡ್ಡ ಆರ್ಡರ್ ಇತ್ತು, ನಾನೇ ಇರುತ್ತೇನೆ ಅಂದೆ. ಯುವಶ್ರೀ ಫೋನಿನಲ್ಲಿ ಮುನಿಸಿಕೊಂಡಳು. "ಪೊಂಗಲ್‌ಗೆ ಮನೆಯ ಬೀಗದಕೈ ತರ್ತೀನಿ, ನೋಡ್ತಿರು" ಅಂದೆ. "ಪ್ರಾಮಿಸ್ಸಾಮ್ಮಾ?" ಅಂದಳು. ಅವಳ ಆ ದನಿ ಕೇಳಿದರೆ ನಾನು ಬೆಟ್ಟವನ್ನೇ ಹೊತ್ತು ತಂದೇನು.

ಕೆಲಸ ತಾನೇ ತಾನಾಗಿ ಆಗುತ್ತಿದೆ. ನಾನು ಕಿಟಕಿಯಾಚೆ ನೋಡುತ್ತಿದ್ದರೂ ಕೈ ನಿಲ್ಲುವುದಿಲ್ಲ. ಇವತ್ತು ಕಾರ್ತಿಕಾ ಬೆಚ್ಚಿದವಳ ಹಾಗೆ ನನ್ನ ಕಡೆ ತಿರುಗಿದಳು. "ಅಕ್ಕಾ, ಪ್ರತಿ ಪಟ್ಟಿ ಎತ್ತುವಾಗಲೂ ನಾಲಿಗೆ ಲೊಚಗುಟ್ಟುತ್ತೀರಿ. ಪಾಂಡಿಯಕ್ಕ ಹಾಗೇ ಮಾಡ್ತಿದ್ದರು" ಅಂದಳು. ಆ ಸ್ಟೂಲಿನಲ್ಲಿ ಕೂತು ದಿನವಿಡೀ ಅಂಚು ನೋಡಿದರೆ ಯಾರ ನಾಲಿಗೆಯಾದರೂ ಲೊಚಗುಟ್ಟುತ್ತದೆ. ಅವಳನ್ನೇ ಒಂದು ದಿನ ಕೂರಿಸಿ ನೋಡಲಿ.

ನವೆಂಬರ್ 23, ಭಾನುವಾರ

ರಜೆಯ ದಿನ ಕಳೆಯುವುದೇ ಕಷ್ಟವಾಗಿದೆ. ಬಟ್ಟೆ ಒಗೆದೆ, ದೇವಸ್ಥಾನಕ್ಕೆ ಹೋಗಿ ಬಂದೆ. ಆಮೇಲೆ ಸುಮ್ಮನೆ ಕೂತೆ. ಎಡಗೈ ಸುಮ್ಮನಿರಲಿಲ್ಲ. ತಟ್ಟೆಯ ಅಂಚು, ಬಕೆಟ್ಟಿನ ಅಂಚು, ಬಾಗಿಲ ಅಂಚು ಎಲ್ಲವನ್ನೂ ಬೆರಳ ತುದಿಯಿಂದ ಸವರುತ್ತಿತ್ತು. ತಮಾಷೆ ಏನೆಂದರೆ ನನಗೆ ಈಗ ಲೋಕದಲ್ಲಿ ಅಂಚುಗಳೇ ಕಾಣುತ್ತವೆ. ನಿನ್ನೆ ಶಿವಬಾಲನ್ ಕಿವಿ ನೋಡಿ, ಒಳ್ಳೆಯ ಅಂಚು, ಎಲ್ಲೂ ಹರಿದಿಲ್ಲ ಅಂದುಕೊಂಡೆ. ನಗು ಬಂತು.

ರಾತ್ರಿ ಊಟದ ಹೊತ್ತಿಗೆ ನೆನಪಾಯಿತು, ನಿನ್ನೆ ಯುವಶ್ರೀ ಹುಟ್ಟುಹಬ್ಬ. ಫೋನ್ ಮಾಡಿದೆ, ನಿದ್ದೆ ಹೋಗಿದ್ದಾಳೆ ಅಂದಳು ಅವ್ವ.

ಡಿಸೆಂಬರ್ 12, ಶುಕ್ರವಾರ

ಪಾಂಡಿಯಮ್ಮಾಳ್ ಸತ್ತಿಲ್ಲ.

ಕಾರ್ತಿಕಾಳ ಮಾವ ಓಡೈಪಟ್ಟಿಗೆ ದ್ರಾಕ್ಷಿ ಕೊಯ್ಲಿಗೆ ಹೋಗಿದ್ದ. ಅಲ್ಲಿ ಅವಳನ್ನು ಕಣ್ಣಾರೆ ಕಂಡು ಮಾತಾಡಿಸಿ ಬಂದಿದ್ದಾನೆ. ದಾರಿಯಲ್ಲಿ ಉಸಿರು ನಿಂತ ಹಾಗಾಗಿದ್ದು ನಿಜ. ಆ ಸುದ್ದಿಯೇ ಕಂಪನಿಗೆ ಬಂದು ಮುಟ್ಟಿತು. ಆಮೇಲೆ ಉಸಿರು ಬಂತು, ಅದನ್ನು ಹೇಳಲು ಯಾರೂ ಬರಲಿಲ್ಲ. ಮದುರೈಯಲ್ಲಿ ಚೇತರಿಸಿಕೊಂಡು ಎದ್ದು ಕೂತು ತಾನೇ ನೀರು ಕುಡಿಯುತ್ತಿದ್ದಳಂತೆ. ದೀಪಾವಳಿಯ ಹಿಂದಿನ ವಾರ, ಸೋಮವಾರ ಮಧ್ಯಾಹ್ನ, ಕೈಯಲ್ಲಿದ್ದ ಲೋಟ ಬಿದ್ದುಹೋಯಿತಂತೆ. ಅಂದಿನಿಂದ ಎಡಗೈ ಸತ್ತ ಹಾಗೆ ಬಿದ್ದಿದೆ. ಡಾಕ್ಟರಿಗೂ ಕಾರಣ ತಿಳಿಯಲಿಲ್ಲ.

ಸೋಮವಾರ ಮಧ್ಯಾಹ್ನ. ಬೇವಿನ ಮರ.

ಅವ್ವ ಹೇಳುತ್ತಿದ್ದ ಒಂದು ಕಥೆ ಇದೆ. ಅವಳ ಚಿಕ್ಕಪ್ಪ ಒಬ್ಬರು ತೇವಾರಂ ಕಡೆ ಬೆಟ್ಟದಲ್ಲಿ ಕಳೆದುಹೋದರು. ಸತ್ತರು ಎಂದು ತಿಳಿದು ಅವರ ಕುಡುಗೋಲನ್ನು ಅಳಿಯ ಕೇಳಿ ತೆಗೆದುಕೊಂಡ. ಅವರು ಬದುಕಿ ಬಂದರು, ಕೈ ಮಾತ್ರ ಜೋತಾಡುತ್ತಿತ್ತು. ಕುಡುಗೋಲನ್ನು ಅವರ ಅಂಗೈಯಲ್ಲಿಟ್ಟು "ನಿನ್ನ ಕೈ ನಿನಗೆ" ಅಂದ ಮೇಲೆ ಸರಿಹೋಯಿತು. ಅಳಿಯ ಮತ್ತೆ ಹುಲ್ಲು ಕೊಯ್ಯುವಾಗ ಬೆರಳು ಕೊಯ್ದುಕೊಳ್ಳುತ್ತಿದ್ದ.

ನನಗೆ ಹೆದರಿಕೆಯಾಗಿದೆ. ಭಾನುವಾರ ಹೋಗಿ ಕೊಟ್ಟು ಬರುತ್ತೇನೆ. ಇನ್ನೊಬ್ಬರ ಕೈಯ ಅನ್ನ ನನಗೆ ಬೇಡ.

ಡಿಸೆಂಬರ್ 14, ಭಾನುವಾರ

ಹೋಗಿದ್ದೆ.

ರೋಲರನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟಿದ್ದೆ. ತೇನಿಯಲ್ಲಿ ಬಸ್ ಬದಲಿಸಿ ಚಿನ್ನಮನೂರಿನಲ್ಲಿಳಿದು ಓಡೈಪಟ್ಟಿ ಸೇರುವಷ್ಟರಲ್ಲಿ ಬಿಸಿಲೇರಿತ್ತು. ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ಹಗ್ಗದ ಮಂಚ ಹಾಕಿ ಅವಳನ್ನು ಕೂರಿಸಿದ್ದರು. ಮೊಮ್ಮಗಳು ಇಂದುಜಾ ಪಕ್ಕದಲ್ಲಿ ಕೂತು ಅನ್ನ ತಿನ್ನಿಸುತ್ತಿದ್ದಳು. ಹೆಚ್ಚು ಕಡಿಮೆ ಯುವಶ್ರೀ ವಯಸ್ಸು. ಎಡಗೈ ಮುದುಕಿಯ ಮಡಿಲಲ್ಲಿ ಬಿದ್ದಿತ್ತು, ಯಾರೋ ಅಲ್ಲಿಟ್ಟು ಮರೆತು ಹೋದ ಹಾಗೆ. ಅವಳು ನನ್ನ ಮುಖ ನೋಡಲೇ ಇಲ್ಲ. ನನ್ನ ಎಡಗೈಯನ್ನೇ ನೋಡುತ್ತಿದ್ದಳು.

"ನನ್ನ ಮೇಜಲ್ಲಿ ನೀನೇ ಏನು ತಾಯಿ?"

"ಹೌದು ಅಮ್ಮಾ."

"ರೋಲರ್ ಎಲ್ಲೈತೆ?"

ಬಾಯಲ್ಲಿ ಇದ್ದದ್ದು ಬೇರೆ. "ಸ್ಟೋರಿನಲ್ಲಿ ಇಟ್ಟಿದ್ದಾರೆ" ಎಂದು ಬಂತು.

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಇಂದುಜಾ ನೀರು ತರಲು ಒಳಗೆ ಹೋದಾಗ ಮೆಲ್ಲಗೆ ಅಂದಳು, "ಒಂದು ಮಾತು ಕೇಳು ಕಣ್ಣಮ್ಮಾ. ಆ ಕೈಗೆ ದಿನಾ ವೇಲೆ ಕೊಡು, ಏನಾದರೂ ಕೆಲಸ ಕೊಡು. ನಾನು ಒಂದು ಭಾನುವಾರಾನೂ ಸುಮ್ಮನೆ ಕೂತವಳಲ್ಲ, ಪಾತ್ರೆ ತಿಕ್ಕಿದೆ, ಬುಟ್ಟಿ ಹೆಣೆದೆ, ಗೋಡೆಗೆ ಸುಣ್ಣ ಬಳಿದೆ. ಖಾಲಿ ಬಿಟ್ಟರೆ ಅದೇ ವೇಲೆ ಹುಡುಕಿಕೊಂಡು ಹೋಗುತ್ತೆ." ಆಮೇಲೆ ತನ್ನ ಮಡಿಲ ಕೈಯನ್ನು ನೋಡಿಕೊಂಡು, "ಆದರೂ ನನ್ನದು. ಅನ್ನ ಕಲಸಕ್ಕಾದರೂ ಬೇಕಿತ್ತು" ಅಂದಳು. ಕಣ್ಣು ತುಂಬಿತ್ತು.

ಚೀಲ ನನ್ನ ತೊಡೆಯ ಮೇಲೇ ಇತ್ತು. ಕೈ ಹಾಕಿ ತೆಗೆದು ಅವಳ ಅಂಗೈಯಲ್ಲಿಟ್ಟು ಮೂರು ಮಾತು ಹೇಳಿದ್ದರೆ ಸಾಕಿತ್ತು. ಬಲಗೈ ಚೀಲದ ಬಾಯಿ ಬಿಚ್ಚಿತು. ಎಡಗೈ ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಇಲ್ಲ, ಸುಳ್ಳು ಬರೆಯಬಾರದು. ನಾನೇ ಮುಚ್ಚಿಕೊಂಡದ್ದು. ಪೊಂಗಲ್‌ಗೆ ಇನ್ನೊಂದೇ ತಿಂಗಳು. ನನ್ನ ಮಗಳು ಮೊದಲು ಬಂದು ಸೇರಲಿ. ಮುದುಕಿಗೆ ನೋಡಿಕೊಳ್ಳಲು ಮೊಮ್ಮಗಳಿದ್ದಾಳೆ, ನನ್ನ ಮಗಳಿಗೆ ಯಾರಿದ್ದಾರೆ?

ಹೊರಡುವಾಗ ಇಂದುಜಾ ಒಂದು ಗೊಂಚಲು ದ್ರಾಕ್ಷಿ ಕೊಟ್ಟಳು. ಬಸ್ಸಿನಲ್ಲಿ ತಿನ್ನಲಾಗಲಿಲ್ಲ. ಪಕ್ಕದವಳ ಮಗುವಿಗೆ ಕೊಟ್ಟುಬಿಟ್ಟೆ.

ಡಿಸೆಂಬರ್ 31, ಬುಧವಾರ

ಕೆಲಸ ಖಾಯಂ. ಬೀಗದಕೈ ಸಿಕ್ಕಿತು. ಒಂದು ಕೋಣೆ, ಒಂದು ಒಲೆಮನೆ, ಹಿಂದೆ ನಲ್ಲಿ. ಗೋಡೆಗಳು ಸೇರುವ ಕಡೆ ಅಂಚು ಸರಿಯಿಲ್ಲ.

ಜನವರಿ 16, ಶುಕ್ರವಾರ, ಕೊಂಬೈ

ಮಾಟ್ಟು ಪೊಂಗಲ್, ದನಗಳ ಹಬ್ಬ. ಬೀಗದಕೈ ನೋಡಿ ಯುವಶ್ರೀ ನನ್ನ ಕೊರಳಿಗೆ ಜೋತುಬಿದ್ದಳು. ತಮ್ಮ ಮುಖ ಊದಿಸಿಕೊಂಡರೂ ಕರೆದುಕೊಂಡು ಹೋಗು ಅಂದ.

ಚರ್ಮದ ಕೆಲಸ ಅವ್ವನಿಗೆ ಮೊದಲಿಂದಲೂ ಆಗದು. ನಾನು ಊರಿಗೆ ಬಂದಾಗಲೆಲ್ಲ ಅರಿಶಿನದ ನೀರಿನಲ್ಲಿ ಕೈಕಾಲು ತೊಳೆಸಿಯೇ ಒಳಗೆ ಬಿಡುತ್ತಾಳೆ. ಇವತ್ತೂ ತೊಳೆದೇ ಕೊಟ್ಟಿಗೆಗೆ ಹೋದೆ. ನಮ್ಮ ಕೆಂದ ಹಸುವಿನ ಕೊಂಬಿಗೆ ಬಣ್ಣ ಬಳಿಯುವುದು ಚಿಕ್ಕಂದಿನಿಂದ ನನ್ನದೇ ಪಾಲಿನ ಕೆಲಸ. ಪ್ರತಿ ವರ್ಷ ಅರ್ಧ ಬಣ್ಣ ಹಸುವಿನ ಹಣೆಗೆ, ಅರ್ಧ ನನ್ನ ಸೀರೆಗೆ.

ಈ ವರ್ಷ ಒಂದು ಹನಿ ಚೆಲ್ಲಲಿಲ್ಲ. ನೀಲಿ ಮುಗಿದಲ್ಲಿ ಕೆಂಪು, ಕೆಂಪು ಮುಗಿದಲ್ಲಿ ಹಳದಿ, ಗೆರೆ ಕೂದಲೆಳೆಯಷ್ಟು ನೇರ. ಬೀದಿಯವರೆಲ್ಲ ಬಂದು ನೋಡಿದರು. ಅವರು ಯಾವಾಗ ಹೋದರೋ ನನಗೆ ತಿಳಿಯಲಿಲ್ಲ. ಅವ್ವ ಕೂಗಿದಾಗ ನೋಡುತ್ತೇನೆ, ಕೊಂಬು ಮುಗಿದು ಎಷ್ಟೋ ಹೊತ್ತಾಗಿದೆ. ಕಿವಿಗಳ ಅಂಚಿಗೆ ಸುತ್ತಲೂ ಕಪ್ಪು ಹಚ್ಚಿದ್ದೆ. ನಾಲ್ಕೂ ಗೊರಸಿನ ಅಂಚಿಗೆ ಹಚ್ಚಿದ್ದೆ. ಕಣ್ಣಿನ ರೆಪ್ಪೆಯ ಹತ್ತಿರ ಕೈ ಹೋಗಿತ್ತು. ಹಸು ಕಟ್ಟುಗೂಟಕ್ಕೆ ಒತ್ತಿಕೊಂಡು ನಡುಗುತ್ತಿತ್ತು, ಕೂಗುತ್ತಲೂ ಇರಲಿಲ್ಲ. ಬಲಗೈ ಚಾಚಿದರೆ ಮೂಸಿತು, ಎಡಗೈ ಚಾಚಿದರೆ ಹಿಂದೆ ಸರಿಯಿತು.

ಅವ್ವ ನನ್ನ ಮಣಿಕಟ್ಟು ಹಿಡಿದಳು. "ಯಾರ ಕೈ ಕೇಳ್ದೆ ನೀನು?"

"ಸತ್ತೋರ್ದು ಅಂತ ಕೇಳ್ದೆ ಅವ್ವಾ."

"ಸತ್ತೌರಾ?"

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ.

"ಅಯ್ಯೋ ಪಾವೀ! ಇರೋರ ಕೈಯ ಕಿತ್ಕಂಡು ಬಂದು ಆವಿನ ಮೈ ಮುಟ್ದ್ಯಾ? ನಾಳೀಕೇ ಓಗಿ ಕೊಟ್ಟುಟ್ಟು ಬಾ. ಕೂಸ ಆಮೇಕೆ ಕರ್ಕಂಡೋಗು."

"ಕೊಟ್ರೆ ವೇಲೆ ಓಗ್ತೈತೆ, ಮನೆ ಓಗ್ತೈತೆ. ನಿನ್ನ ಮಗ ಅವಳ್ನ ಮಿಲ್ಲಿಗೆ ಕಳಿಸ್ತಾನೆ. ಅದು ನಿಂಗೆ ಸರಿಯಾ?"

ಅವ್ವ ಹಸುವಿನ ಕಿವಿ ಒರೆಸುತ್ತಾ ಕೂತಳು. ಅದು ನೀರಿಗೆ ಹೋಗುವ ಬಣ್ಣವಲ್ಲ ಎಂದು ಹೇಳಬೇಕೆಂದುಕೊಂಡು ಬಿಟ್ಟೆ. ಯುವಶ್ರೀ ಸ್ವಲ್ಪ ಹೊಂದಿಕೊಳ್ಳಲಿ, ಶಾಲೆಗೆ ಸೇರಲಿ. ಬೇಸಿಗೆ ರಜೆಯಲ್ಲಿ ಖಂಡಿತ ಕೊಟ್ಟು ಬರುತ್ತೇನೆ.

ಒಂದು ವಿಷಯ. ಊರಿಗೆ ರೋಲರ್ ತಂದಿರಲಿಲ್ಲ. ಕುಂಚದಲ್ಲೇ ಅಷ್ಟು ಚೆನ್ನಾಗಿ ಬಂತು.

ಜನವರಿ 25, ಭಾನುವಾರ

ಮಗಳು ಮನೆಯಲ್ಲಿದ್ದಾಳೆ. ಇದನ್ನು ಬರೆಯುವಾಗಲೇ ಒಲೆಮನೆಯಲ್ಲಿ ಏನೋ ಹಾಡಿಕೊಂಡು ಮೊಟ್ಟೆ ಹುರಿಯುತ್ತಿದ್ದಾಳೆ. ಸಂತೋಷವಾಗಿದೆ. ಸಂತೋಷವಾಗಿದೆ ಎಂದು ಬರೆಯಲೇಬೇಕು, ಇದಕ್ಕೇ ಅಲ್ಲವೇ ಇಷ್ಟೆಲ್ಲ.

ಬೆಳಿಗ್ಗೆ ಜಡೆ ಹೆಣೆದೆ. ಬೈತಲೆ ನೂಲು ಹಿಡಿದ ಹಾಗೆ ಬಂತು. ಅವಳು ತಲೆ ಬಗ್ಗಿಸಿ, "ಅಮ್ಮಾ, ಅಂದ ಕೈ ವೇಂಡಾಮ್ಮಾ, ಆ ಕೈ ಬೇಡ. ಈ ಕೈಲಿ ಮಾಡು" ಎಂದು ನನ್ನ ಬಲಗೈ ಹಿಡಿದುಕೊಂಡಳು. ಬಲಗೈಯಲ್ಲಿ ಮಾಡಿದೆ, ಸೊಟ್ಟಗೆ ಬಂತು. ಅವಳು ಕನ್ನಡಿ ನೋಡಿ ನಕ್ಕಳು. ಆ ಸೊಟ್ಟ ಬೈತಲೆ ಇಡೀ ದಿನ ನನ್ನ ಕಣ್ಣಿಗೆ ಚುಚ್ಚುತ್ತಿದೆ.

ಊಟಕ್ಕೆ ಕೂತರೆ ನನ್ನ ಬಲಗಡೆಗೇ ಕೂರುತ್ತಾಳೆ. ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡಿರುತ್ತಾಳೆ. ವಯಸ್ಸಿಗೆ ಬಂದ ಹುಡುಗಿ, ನಾಚಿಕೆ ಇರಬೇಕು. ಒಳ್ಳೆಯ ಪಾದ ಅವಳದು, ಹಿಮ್ಮಡಿ ಎಲ್ಲೂ ಒಡೆದಿಲ್ಲ.

ನಾಳೆ ಗಣರಾಜ್ಯೋತ್ಸವ, ಕಂಪನಿಗೆ ರಜೆ. ಕೈಗೆ ಏನೂ ಕೆಲಸವಿಲ್ಲದೆ ಎರಡು ದಿನ ಸತತ ರಜೆ ಬಂದದ್ದು ನಾನು ಆ ಮೇಜಿಗೆ ಹೋದಮೇಲೆ ಇದೇ ಮೊದಲು. ಪೊಂಗಲ್‌ಗೆ ಹೋದಾಗಲಾದರೂ ಹಸು ಇತ್ತು. ಗೋಡೆಗೆ ಸುಣ್ಣ ಬಳಿಯೋಣವೆಂದರೆ ಅಂಗಡಿ ಮುಚ್ಚಿದೆ. ರೋಲರ್ ಒರೆಸಿ ಎಣ್ಣೆ ಹಾಕಲೆಂದು ಮನೆಗೆ ತಂದಿದ್ದೇನೆ.

ಜನವರಿ 26, ಸೋಮವಾರ

ಮಧ್ಯಾಹ್ನ ಉಂಡು ಇಬ್ಬರೂ ಚಾಪೆಯ ಮೇಲೆ ಮಲಗಿದೆವು. ನನಗೆ ನಿದ್ದೆ ಬಂತು. ನಿಜವಾಗಿಯೂ ನಿದ್ದೆ ಬಂದಿತ್ತು.

ಅವಳು ಕಿರುಚಿದ್ದಕ್ಕೆ ಎಚ್ಚರವಾಯಿತು. ನಾನು ಅವಳ ಕಾಲ ಬುಡದಲ್ಲಿ ಕೂತಿದ್ದೆ. ನನ್ನ ಬಲಗೈ ಅವಳ ಕಾಲಿನ ಹರಡನ್ನು ಒತ್ತಿ ಹಿಡಿದಿತ್ತು. ಎಡಗೈಯಲ್ಲಿ ರೋಲರ್ ಇತ್ತು. ಎರಡೂ ಪಾದಗಳ ಅಂಚಿಗೆ, ಹಿಮ್ಮಡಿಯಿಂದ ಹೊರಟು ಹೆಬ್ಬೆರಳು ಸುತ್ತಿ ಕಿರುಬೆರಳು ಸುತ್ತಿ ಮತ್ತೆ ಹಿಮ್ಮಡಿಗೆ, ಕಪ್ಪು ಗೆರೆ ಎಳೆದಿತ್ತು. ಬಲಪಾದದ ಗೆರೆ ಕೂಡಲು ಒಂದಿಷ್ಟು ಮಾತ್ರ ಉಳಿದಿತ್ತು. ಅವಳು ಒದೆಯುತ್ತಿದ್ದಾಗಲೇ ಕೈ ಅದನ್ನೂ ಕೂಡಿಸಿತು.

ಯುವಶ್ರೀ ಗೋಡೆಗೆ ಒತ್ತಿಕೊಂಡು ಕೂತಿದ್ದಳು. "ಕರೆದೆ ಅಮ್ಮಾ, ಎಷ್ಟೋ ಸಲ ಕರೆದೆ. ನಿನ್ನ ಕಣ್ಣು ಮುಚ್ಚಿತ್ತು. ನಾಲಿಗೆ ಲೊಚಲೊಚ ಅನ್ನುತ್ತಿತ್ತು. ಸುಮ್ಮನಿರು ಇಂದುಜಾ ಅಂದೆ ನೀನು. ಯಾರಮ್ಮಾ ಇಂದುಜಾ?" ಇಷ್ಟನ್ನೂ ತಮಿಳಿನಲ್ಲೇ ಹೇಳಿದಳು. ಹೆದರಿದಾಗ ಅವಳಿಗೆ ನಮ್ಮ ಮಾತು ಬರುವುದಿಲ್ಲ.

ನಾನು ತಬ್ಬಿಕೊಳ್ಳಲು ಹೋದೆ. ಕೈ ಚಾಚಿದ್ದು ಯಾವುದೆಂದು ನೋಡಿಕೊಳ್ಳಲಿಲ್ಲ. ಅವಳು ಮುಖ ಮುಚ್ಚಿಕೊಂಡಳು.

ಸೋಪು, ಸೀಗೆಕಾಯಿ, ಥಿನ್ನರ್, ಯಾವುದಕ್ಕೂ ಬಣ್ಣ ಹೋಗಲಿಲ್ಲ. ಸಂಜೆ ತಮ್ಮ ಬಂದು ಕರೆದುಕೊಂಡು ಹೋದ. ಅವಳೇ ಫೋನ್ ಮಾಡಿ ಕರೆಸಿಕೊಂಡಿದ್ದಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಓಡೈಪಟ್ಟಿ. ಕೆಲಸ ಹೋಗಲಿ, ಮನೆ ಹೋಗಲಿ. ನನ್ನ ಕೂಸು ನನ್ನನ್ನು ನೋಡಿ ಮುಖ ಮುಚ್ಚಿಕೊಂಡಿತಲ್ಲ.

ಜನವರಿ 27, ಮಂಗಳವಾರ

ದ್ರಾಕ್ಷಿ ಚಪ್ಪರದ ಕೆಳಗೆ ಅವಳನ್ನು ಮಲಗಿಸಿದ್ದರು. ತಲೆಯ ಬಳಿ ದೀಪ, ಕೊರಳಿಗೆ ಹಾರ. ನಿನ್ನೆ ಮಧ್ಯಾಹ್ನ ಹೋದಳಂತೆ.

ಇಂದುಜಾ ನನ್ನ ಗುರುತು ಹಿಡಿದು ಬಂದು ತಬ್ಬಿಕೊಂಡಳು. ಅಜ್ಜಿಯನ್ನು ಅವಳು ಪಾಟಿ ಅನ್ನುವುದು. "ಅಕ್ಕಾ, ನಿನ್ನೆ ಊಟ ಆದಮೇಲೆ ಪಾಟಿಯ ಎಡಗೈ ಅಲುಗಾಡಿತು. ಅಷ್ಟು ತಿಂಗಳಾದ ಮೇಲೆ. ಮಂಚದ ಅಂಚನ್ನ ಸವರಿತು, ಆಮೇಲೆ ನನ್ನ ಕಾಲು ಹಿಡಿದು ಸುತ್ತಲೂ ಬೆರಳಾಡಿಸಿತು. ನಾನು ನಗುತ್ತಾ, ಸುಮ್ಮನಿರು ಪಾಟಿ, ಕಚಗುಳಿ ಆಗುತ್ತೆ ಅಂದೆ. ಪಾಟಿ ಮಾತ್ರ ಅಳ್ತಿದ್ದರು. ಬೇಡ, ಬೇಡ, ಅದು ಕೂಸು ಅಂತಿದ್ದರು. ಹಾಗೇ ಉಸಿರು ನಿಂತಿತು."

ನಾನು ಎಲ್ಲರೆದುರಿಗೂ ರೋಲರ್ ತೆಗೆದು ಅವಳ ತಣ್ಣನೆಯ ಅಂಗೈಯಲ್ಲಿಟ್ಟೆ. "ನಿನ್ನ ಕೈ ನಿನಗೆ" ಅಂದೆ. ಮತ್ತೊಮ್ಮೆ ಅಂದೆ. ಬೆರಳು ಮಡಿಸಿದೆ, ಅವು ತಾವಾಗಿ ಬಿಚ್ಚಿಕೊಂಡವು. ಸತ್ತವರು ಏನನ್ನೂ ಹಿಡಿದಿಟ್ಟುಕೊಳ್ಳಲಾರರು.

ಹೊರಟಾಗ ಇಂದುಜಾ ಹಿಂದೆಯೇ ಓಡಿ ಬಂದಳು. ಕೈಯಲ್ಲಿ ರೋಲರ್ ಇತ್ತು. ಹೆಣಕ್ಕೆ ಹಚ್ಚಿದ್ದ ಅರಿಶಿನ ಹಿಡಿಗೆಲ್ಲ ಅಂಟಿತ್ತು. "ಇದು ನಮಗ್ಯಾಕೆ ಅಕ್ಕಾ, ಪಾಟಿ ಗ್ಯಾಪಕಕ್ಕೆ ನೀವೇ ಇಟ್ಟುಕೊಳ್ಳಿ" ಎಂದು ನನ್ನ ಎಡಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು.

ಅರಿಶಿನ ಇತ್ತು. ಸತ್ತವಳು ಸತ್ತಿದ್ದಳು. ಅವಳ ಕಡೆಯವರೇ ಎತ್ತಿ ಕೊಟ್ಟರು. ಈಗ ಕ್ರಮ ಸರಿಯಾಯಿತು.

ಫೆಬ್ರವರಿ 8, ಭಾನುವಾರ

ಕಂಪನಿಯವರು ಭಾನುವಾರವೂ ಬರಲು ಒಪ್ಪಿದ್ದಾರೆ. ನಾನೇ ಕೇಳಿಕೊಂಡೆ. ಅಟ್ಟೆಯ ಮಾಸ್ಕ್‌ಗಳೂ ಈಗ ಬೇಕಿಲ್ಲ, ಕೈಯಲ್ಲೇ ಅದಕ್ಕಿಂತ ಶುದ್ಧವಾಗಿ ಬರುತ್ತದೆ. ಶಿವಬಾಲನ್ ನನ್ನ ಮೇಜಿನ ಹತ್ತಿರ ತಮಾಷೆ ಮಾಡುವುದನ್ನು ಬಿಟ್ಟಿದ್ದಾನೆ. ಕಾರ್ತಿಕಾ ದೂರದ ಸಾಲಿಗೆ ಬದಲಿ ಕೇಳಿ ಹೋದಳು.

ಪುಸ್ತಕದ ಮೊದಲ ಪುಟಗಳನ್ನು ತಿರುವಿ ನೋಡಿದೆ. ಎಂಥ ಅಕ್ಷರ ಅದು, ಎಲ್ಲ ಕಡೆ ಗೆರೆಯಾಚೆ ಚೆಲ್ಲಿದೆ. ಈಗ ನೋಡಲು ಅಂದವಾಗಿದೆ, ಒಂದು ಕೊಂಬೂ ಗೆರೆ ದಾಟುವುದಿಲ್ಲ.

ಸಂಜೆ ಯುವಶ್ರೀ ಫೋನ್ ಮಾಡಿದ್ದಳು. ಪರೀಕ್ಷೆ ಮುಗಿದ ಮೇಲೆ ಮಿಲ್ಲಿಗೇ ಹೋಗುತ್ತಾಳಂತೆ. ಮಾಮನ ಬಲವಂತವಲ್ಲ, ತಾನೇ ಹೇಳಿದಳಂತೆ. ಆಗಲಿ ಅಂದೆ. ಅವಳು ಅಳುತ್ತಿದ್ದಳೆಂದು ಕಾಣುತ್ತದೆ.

"ಅಮ್ಮಾ, ಕಾಲಿನ ಗೆರೆ ಇನ್ನೂ ಓಗಿಲ್ಲಮ್ಮಾ."

"ಎಲ್ಲಾದರೂ ಒಡೆದಿದೆಯಾ?" ಎಂದು ಕೇಳಿದೆ.

"ಇಲ್ಲ" ಅಂದಳು.

ನನಗೆ ಗೊತ್ತಿತ್ತು.